ಮನೆಯಲ್ಲೇ ಗಟ್ಟಿ ಮಡಚುವ ಚಾಕು: ಪುಣೆಯ ಹವ್ಯಾಸಿಗಳಿಗೆ ಒಂದು ಮಾರ್ಗದರ್ಶಿ

ಗಟ್ಟಿಯಾದ ಮಡಚುವ ಚಾಕು ಬೇಕು ಅಂದಕೂಡಲೇ ಹೆಚ್ಚಿನವರು ದಪ್ಪ ಪಟ್ಟಿ ಹುಡುಕಲು ಹೊರಡುತ್ತಾರೆ. ಆರು ಮಿಲಿಮೀಟರ್ ಉಕ್ಕು ತಂದು, ವಾರಗಟ್ಟಲೆ ಉಜ್ಜಿ, ಕೊನೆಗೆ ಅದನ್ನು ಒಂದು ಸಡಿಲ ರಿವೆಟ್ಟಿಗೆ ಸಿಕ್ಕಿಸುತ್ತಾರೆ. ಹಗ್ಗ ಕೊಯ್ಯುವಾಗಲೇ ಅದು ಆ ಕಡೆ ಈ ಕಡೆ ಅಲ್ಲಾಡುತ್ತದೆ. ಮಡಚುವ ಚಾಕುವಿನ ಬಲ ಅಲಗಿನ ದಪ್ಪದಲ್ಲಿ ಇಲ್ಲ. ಅದು ಇರುವುದು ಮೂರು ಜಾಗಗಳಲ್ಲಿ: ಅಲಗು ತಿರುಗುವ ಪಿವಟ್, ಅಲಗನ್ನು ತಡೆಯುವ ಸ್ಟಾಪ್ ಪಿನ್, ಅಲಗಿನ ಬುಡಕ್ಕೆ ಲಾಕ್ ತಾಗುವ ಮುಖ. ನಿಮ್ಮ ಸಮಯದ ಮುಕ್ಕಾಲು ಪಾಲು ಅಲ್ಲಿಗೇ ಹೋಗಲಿ.

ಮನೆಯಲ್ಲಿ ಹಳೆಯ ಅಡಕತ್ತರಿ ಇದ್ದರೆ ತೆಗೆದು ನೋಡಿ. ರಿವೆಟ್ ಬಿಗಿ ಇದ್ದಾಗ ಅಡಿಕೆ ನೀಟಾಗಿ ಎರಡು ಹೋಳು. ರಿವೆಟ್ ಸವೆದ ಮೇಲೆ ಬಾಯಿ ಎಷ್ಟೇ ಹರಿತವಿದ್ದರೂ ಅಡಿಕೆ ಜಾರುತ್ತದೆ. ಇಲ್ಲೂ ಅದೇ ಕಥೆ, ಲೆಕ್ಕ ಮಾತ್ರ ಇನ್ನೂ ಬಿಗಿ. ಲಾಕ್ ತಾಗುವ ಜಾಗ ಪಿವಟ್‌ನಿಂದ ಸುಮಾರು 8 ಮಿ.ಮೀ. ದೂರ ಇರುತ್ತದೆ. ಅಲಗಿನ ತುದಿ 95 ಮಿ.ಮೀ. ದೂರ. ಲಾಕ್ ಹತ್ತಿರ 0.05 ಮಿ.ಮೀ. ಸಡಿಲ ಇದ್ದರೆ ತುದಿಯಲ್ಲಿ ಅದು ಅರ್ಧ ಮಿಲಿಮೀಟರ್ ದಾಟುತ್ತದೆ. ಕೂದಲೆಳೆಗಿಂತ ಕಡಿಮೆ ಸಡಿಲ ಕೈಯಲ್ಲಿ ಗಡಗಡ ಅನ್ನಿಸುವುದು ಹೀಗೆ.

ಏನು ಮಾಡುತ್ತಿದ್ದೇವೆ

ಇಲ್ಲಿ ಹೇಳುವುದು ಲೈನರ್ ಲಾಕ್ ಇರುವ ಚಾಕು. ಹಿಡಿಕೆಯ ಒಳಗೆ ಎರಡು ಲೋಹದ ತಗಡು, ಅಂದರೆ ಲೈನರ್‌ಗಳು. ಅದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಒಳಗೆ ಬಗ್ಗಿಸಿರುತ್ತದೆ. ಅಲಗು ಪೂರ್ತಿ ತೆರೆದಾಗ ಆ ಸೀಳು ಪಟ್ಟಿ ಅಲಗಿನ ಬುಡದ ಹಿಂದೆ ಬಂದು ಅಡ್ಡ ನಿಲ್ಲುತ್ತದೆ. ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದರೆ ಚಾಕು ಮಡಚುತ್ತದೆ. ಬೆನ್ನಿನಲ್ಲಿ ಲಾಕ್ ಇರುವ ಚಾಕುವೂ ಗಟ್ಟಿಯೇ. ಆದರೆ ಅದರಲ್ಲಿ ಸ್ಪ್ರಿಂಗ್ ಹದ, ಕಚ್ಚು, ಎಲ್ಲವೂ ಒಟ್ಟಿಗೆ ಸರಿಯಾಗಬೇಕು. ಮೊದಲ ಚಾಕುವಿಗೆ ಲೈನರ್ ಲಾಕ್ ಸಾಕು.

ಅಳತೆ ಹೀಗಿಟ್ಟುಕೊಳ್ಳಿ. ಅಲಗಿನ ದಪ್ಪ 4 ಮಿ.ಮೀ., ಅಗಲ 28 ಮಿ.ಮೀ., ಪಿವಟ್‌ನಿಂದ ತುದಿಗೆ 95 ಮಿ.ಮೀ. ಹಿಡಿಕೆ 120 ಮಿ.ಮೀ. ಲೈನರ್ ತಲಾ 1.6 ಮಿ.ಮೀ. ಅಲಗಿನ ಎರಡೂ ಬದಿಗೆ 0.5 ಮಿ.ಮೀ. ದಪ್ಪದ ಫಾಸ್ಫರ್ ಬ್ರಾಂಜ್ ವಾಷರ್. ಪಿವಟ್ 6 ಮಿ.ಮೀ., ಸ್ಟಾಪ್ ಪಿನ್ 5 ಮಿ.ಮೀ. ಹೊರಗಿನ ಹಿಡಿಕೆಯ ಪಟ್ಟಿ ತಲಾ 4 ಮಿ.ಮೀ. ಎಲ್ಲ ಕೂಡಿದರೆ ದಪ್ಪ 16.2 ಮಿ.ಮೀ. ಕೈ ತುಂಬ ಬರುತ್ತದೆ, ಜೇಬಿಗೆ ಸ್ವಲ್ಪ ದಪ್ಪವೇ.

ಜೇಬಿನ ಮಾತು ಬಂತು, ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಹೊಲಗೆಲಸ, ಕಾರ್ಖಾನೆ ಕೆಲಸಕ್ಕೆ ಮಾಡಿದವುಗಳಿಗೆ ವಿನಾಯಿತಿ ಇದೆ. ನಮ್ಮ ಚಾಕು ಆ ಅಳತೆಯ ಹತ್ತಿರವೂ ಹೋಗುವುದಿಲ್ಲ. ಆದರೂ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಅಡಿಯಲ್ಲಿ ಹಬ್ಬ, ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಬರುತ್ತದೆ. ಆಗ ಚಾಕು, ಕೋಲು ಯಾವುದನ್ನೂ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ಅದು ಟೂಲ್ ಬಾಕ್ಸ್‌ನಲ್ಲಿ ಇರಲಿ, ಟ್ರೆಕ್ಕಿಂಗ್ ಹೋದರೆ ಚೀಲದ ತಳದಲ್ಲಿ ಇರಲಿ. ಸುಮ್ನೆ ಜೇಬಿನಲ್ಲಿಟ್ಟು ಪೇಟೆ ಸುತ್ತಬೇಡಿ. ಗುಂಡಿ ಒತ್ತಿದರೆ ಚಿಮ್ಮುವ ಸ್ಪ್ರಿಂಗ್ ಚಾಕುವಿನ ಗೊಡವೆಯೂ ಬೇಡ. ಮಾಡಿ ಮಾರುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ಸಾಮಾನು ಎಲ್ಲಿ ಸಿಗುತ್ತದೆ

ಈ ಹವ್ಯಾಸಕ್ಕೆ ಪುಣೆಯಂಥ ಊರು ಸಿಗುವುದು ಕಷ್ಟ. ಅರ, ಗರಗಸ, ತೂತಿನೊಳಗೆ ಸ್ಕ್ರೂ ಗೆರೆ ಕೊರೆಯುವ ಟ್ಯಾಪ್, ಡ್ರಿಲ್ ಬಿಟ್‌ಗೆ ರವಿವಾರ ಪೇಟೆಯ ಬೊಹರಿ ಆಳಿ. ಹಳೆಯ ವೈಸ್, ಹಳೆಯ ಅರ ಬೇಕಾದರೆ ಭಾನುವಾರ, ಬುಧವಾರ ಸೇರುವ ಜುನಾ ಬಜಾರ್. ಉಕ್ಕು, ಲೇತ್ ಕೆಲಸ, ಹದ ಹಾಕಿಸುವುದು (ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವುದು) ಎಲ್ಲಕ್ಕೂ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶ. ಅಲ್ಲಿನ ಸಣ್ಣ ವರ್ಕ್‌ಶಾಪ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಸಿಗುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಒಂದೇ ಒಂದು ತುಂಡಿನ ಕೆಲಸವನ್ನೂ ಮುಖ ಸಿಂಡರಿಸದೆ ಹಿಡಿಯುತ್ತಾರೆ. ಪಿವಟ್ ಮಾಡಿಸಲು ಹೋದಾಗ ನನಗೊಬ್ಬ ಟರ್ನರ್ ಹೇಳಿದ್ದು: “ಒಂದು ಪೀಸಿಗೆ ಸೆಟಿಂಗ್ ಮಾಡೂದ್ರಾಗಽ ಅರ್ಧಾ ತಾಸು ಹೋಗತೈತ್ರಿ ಸರ. ನಾಕು ಮಾಡಿಸ್ಕೊಂಡು ಬಿಡ್ರಿ, ರೊಕ್ಕಾ ಹೆಚ್ಚು ಕಡಿಮಿ ಅಷ್ಟಽ ಆಗತೈತಿ.” ಈ ಮಾತು ಕೇಳಿ. ಪಿವಟ್, ಸ್ಪೇಸರ್ (ಎರಡು ಲೈನರ್‌ಗಳ ನಡುವೆ ಅಂತರ ಹಿಡಿಯುವ ತುಂಡು) ಎಲ್ಲ ಒಂದೆರಡು ಜಾಸ್ತಿಯೇ ಮಾಡಿಸಿಟ್ಟುಕೊಳ್ಳಿ.

ಅಲಗಿಗೆ ಓಎಚ್‌ಎನ್‌ಎಸ್ ಪಟ್ಟಿ ತನ್ನಿ. ಡೈ ಮಾಡುವವರು ಬಳಸುವ ಉಕ್ಕು ಇದು, ಗ್ರೈಂಡ್ ಮಾಡಿದ ಚಪ್ಪಟೆ ಪಟ್ಟಿಯಾಗಿ ಸಿಗುತ್ತದೆ. ಇದರಲ್ಲಿ ಕಾರ್ಬನ್ ಸುಮಾರು 0.9 ಶೇಕಡಾ. ಎಣ್ಣೆಯಲ್ಲಿ ಹದವಾಗುತ್ತದೆ, ಹದ ಹಾಕುವಾಗ ಸೊಟ್ಟಗಾಗುವುದು ಕಡಿಮೆ. ಪಿವಟ್ ತೂತು ಜಾಗ ಬಿಡಬಾರದು ಅನ್ನುವ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಚ್‌ಸಿಎಚ್‌ಸಿಆರ್ ಅಂತ ಸಿಗುವ ಉಕ್ಕಿನ ಬಾಯಿ ಹೆಚ್ಚು ದಿನ ಬಾಳುತ್ತದೆ ನಿಜ. ಆದರೆ ಅದಕ್ಕೆ 1,000 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಪೆಟ್ಟು ಬಿದ್ದರೆ ಬಾಯಿ ಚಕ್ಕೆ ಏಳುತ್ತದೆ. ಲಾರಿಯ ಹಳೆಯ ಕಮಾನು ಪಟ್ಟಿ ಪುಕ್ಕಟೆ ಸಿಗುತ್ತದೆ, ಮಚ್ಚು ಮಾಡಲು ಚೆನ್ನ. ಮಡಚುವ ಚಾಕುವಿಗೆ ನಾನು ಬೇಡ ಅನ್ನುತ್ತೇನೆ. ಒಳಗೆ ಎಲ್ಲಿ ಬಿರುಕು ಇದೆಯೋ ಕಣ್ಣಿಗೆ ಕಾಣುವುದಿಲ್ಲ, ಚಪ್ಪಟೆ ಮಾಡುವುದಕ್ಕೇ ಅರ್ಧ ಜೀವ ಹೋಗುತ್ತದೆ.

ಲೈನರ್‌ಗೆ ಗ್ರೇಡ್ 5 ಟೈಟಾನಿಯಂ ತಗಡು. ಇಲ್ಲಿ ಸಿಗದಿದ್ದರೆ ಮುಂಬೈಯ ಗುಲಾಲ್‌ವಾಡಿ ಕಡೆಯ ಲೋಹದ ಅಂಗಡಿಗಳಲ್ಲಿ ವಿಚಾರಿಸಿ. ಗ್ಯಾಸ್ ಒಲೆ, ಪಾತ್ರೆಗೆ ಬಳಸುವ ಮೆತ್ತಗಿನ 304 ಸ್ಟೀಲ್ ಬೇಡವೇ ಬೇಡ. ಒಮ್ಮೆ ಬಗ್ಗಿಸಿದರೆ ಬಗ್ಗಿಯೇ ಇರುತ್ತದೆ, ಪುಟಿದು ವಾಪಸ್ ಬರುವ ಗುಣ ಕಮ್ಮಿ. ಲಾಕ್ ಕೆಲಸ ಮಾಡುವುದೇ ಆ ಪುಟಿತದ ಮೇಲೆ.

ಪಿವಟ್‌ಗೆ 6 ಮಿ.ಮೀ. ಸಿಲ್ವರ್ ಸ್ಟೀಲ್ ಸರಳು (ಹೆಸರಷ್ಟೇ ಬೆಳ್ಳಿ, ನಯವಾಗಿ ಗ್ರೈಂಡ್ ಮಾಡಿದ ಟೂಲ್ ಸ್ಟೀಲ್ ಇದು). ಸ್ಟಾಪ್ ಪಿನ್‌ಗೆ ಅಂಗಡಿಯಲ್ಲಿ ಸಿಗುವ ಹದ ಹಾಕಿದ 5×16 ಡೋವೆಲ್ ಪಿನ್, ಅಂದರೆ 5 ಮಿ.ಮೀ. ದಪ್ಪ, 16 ಮಿ.ಮೀ. ಉದ್ದದ ನಯವಾದ ಉಕ್ಕಿನ ಗೂಟ. ಲಾಕ್‌ಗೆ 1.6 ಮಿ.ಮೀ. ಸುಮಾರಿನ ಒಂದು ಬೇರಿಂಗ್ ಗುಂಡು. ಉಪಕರಣದಲ್ಲಿ ವೈಸ್, ಅರಗಳು, 0.02 ಮಿ.ಮೀ. ತೋರಿಸುವ ವರ್ನಿಯರ್, 5 ಮತ್ತು 6 ಮಿ.ಮೀ. ರೀಮರ್ (ತೂತನ್ನು ಕರಾರುವಾಕ್ಕು ಅಳತೆಗೆ ಕೆರೆದು ತರುವ ಉಪಕರಣ), 3 ಮಿ.ಮೀ. ಸ್ಕ್ರೂಗೆ ಎಂ3 ಟ್ಯಾಪ್. ಸ್ಟ್ಯಾಂಡ್ ಇರುವ ಡ್ರಿಲ್ ಮೆಷಿನ್ ಬೇಕೇ ಬೇಕು. ಕೈಯಲ್ಲಿ ಹಿಡಿಯುವ ಡ್ರಿಲ್‌ನಲ್ಲಿ ತೂತು ನೇರ ಬರುವುದಿಲ್ಲ. ಇಲ್ಲದಿದ್ದರೆ ತೂತುಗಳನ್ನು ಮಾತ್ರ ವರ್ಕ್‌ಶಾಪ್‌ನಲ್ಲಿ ಹಾಕಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲು ರಟ್ಟಿನ ಚಾಕು

ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಕಾಗದದ ದಪ್ಪ ಕಾರ್ಡ್ ಇದಕ್ಕೆ ಭಾರೀ ಚೆನ್ನ. ಅಲಗು, ಲೈನರ್ ಎರಡನ್ನೂ ನಿಜವಾದ ಅಳತೆಗೆ ಕತ್ತರಿಸಿ. ಪಿವಟ್ ಜಾಗದಲ್ಲಿ ಗುಂಡುಪಿನ್ನು, ಸ್ಟಾಪ್ ಪಿನ್ ಜಾಗದಲ್ಲಿ 5 ಮಿ.ಮೀ. ಡ್ರಿಲ್ ಬಿಟ್‌ನ ದಂಡ. ಒಂದು ಹಲಗೆಯ ಮೇಲೆ ಚುಚ್ಚಿ ತೆರೆದು ಮುಚ್ಚಿ ನೋಡಿ.

ನೋಡಬೇಕಾದದ್ದು ಮೂರು. ಮುಚ್ಚಿದಾಗ ಅಲಗಿನ ತುದಿ ಹಿಡಿಕೆಯ ಒಳಗೆ ಕನಿಷ್ಠ 3 ಮಿ.ಮೀ. ಅಡಗಿರಬೇಕು. ತೆರೆದಾಗ ಅಲಗಿನ ಬೆನ್ನು ಹಿಡಿಕೆಯ ನೇರಕ್ಕೆ ಬರಬೇಕು. ಒಂದೇ ಸ್ಟಾಪ್ ಪಿನ್ ಎರಡೂ ಕಡೆ ತಡೆಯಬೇಕು: ತೆರೆದಾಗ ಬುಡದ ಒಂದು ಭುಜ ತಾಗಬೇಕು, ಮುಚ್ಚಿದಾಗ ಇನ್ನೊಂದು. ಸ್ಟಾಪ್ ಪಿನ್ ಬೆನ್ನಿನ ಕಡೆ ಮೇಲೆ, ಲಾಕ್ ತಾಗುವ ಜಾಗ ಬಾಯಿಯ ಕಡೆ ಕೆಳಗೆ, ನಡುವೆ ಪಿವಟ್. ಈ ಮೂರೂ ತ್ರಿಕೋನದಲ್ಲಿ ದೂರ ದೂರ ಇದ್ದಷ್ಟೂ ಸಡಿಲ ಕಮ್ಮಿ. ಹಾಗಂತ ಬುಡ ತೀರಾ ದೊಡ್ಡದಾದರೆ ಹಿಡಿಕೆ ಅಗಲವಾಗುತ್ತದೆ. 8 ಮಿ.ಮೀ. ಆಸುಪಾಸು ಸರಿ.

ರಟ್ಟು ಸರಿಹೋಗುವವರೆಗೆ ಉಕ್ಕು ಮುಟ್ಟಬೇಡಿ.

ತೂತು

ಕೆಲಸದ ತಿರುಳು ಇದೇ. ಪಟ್ಟಿ ಇನ್ನೂ ಚೌಕವಾಗಿ, ಚಪ್ಪಟೆಯಾಗಿ ಇರುವಾಗಲೇ ತೂತು ಹಾಕಬೇಕು. ಅಲಗಿನ ಆಕಾರ ಕೊಟ್ಟ ಮೇಲೆ ಅದು ವೈಸ್‌ನಲ್ಲಿ ನೆಟ್ಟಗೆ ಕೂರುವುದಿಲ್ಲ.

ಎರಡು ಲೈನರ್‌ಗಳನ್ನು ಫೆವಿಕ್ವಿಕ್ ಹಾಕಿ ಒಂದರ ಮೇಲೊಂದು ಅಂಟಿಸಿ. ಎಲ್ಲ ತೂತುಗಳನ್ನೂ ಜೋಡಿಯಾಗಿಯೇ ಹಾಕಿ. ಬೇರೆ ಬೇರೆ ಹಾಕಿದರೆ ಎಷ್ಟೇ ಹುಷಾರಾಗಿದ್ದರೂ ಒಂದು ತೂತು ಕೂದಲೆಳೆ ಆಚೆ ಹೋಗುತ್ತದೆ, ಪಿವಟ್ ಓರೆಯಾಗಿ ಕೂರುತ್ತದೆ, ಅಲಗು ಮುಚ್ಚುವಾಗ ಒಂದು ಲೈನರ್‌ಗೆ ಉಜ್ಜುತ್ತದೆ. ಕೆಲಸ ಮುಗಿದ ಮೇಲೆ ಸ್ವಲ್ಪ ಬಿಸಿ ಮಾಡಿದರೆ ಅಂಟು ಬಿಡುತ್ತದೆ. ಬಿಸಿ ಮಾಡುವಾಗ ಕಿಟಕಿ ತೆಗೆದಿರಿ, ಆ ಹೊಗೆ ಕಣ್ಣಿಗೆ ಕೆಟ್ಟದ್ದು.

6 ಮಿ.ಮೀ. ಪಿವಟ್‌ಗೆ 6 ಮಿ.ಮೀ. ಡ್ರಿಲ್ ಬಿಟ್ ಹಾಕಬೇಡಿ. ಬಿಟ್ ಯಾವಾಗಲೂ ತನ್ನ ಅಳತೆಗಿಂತ ಸ್ವಲ್ಪ ದೊಡ್ಡ ತೂತು ಕೊರೆಯುತ್ತದೆ. 5.8 ಹಾಕಿ, ಆಮೇಲೆ 6 ಮಿ.ಮೀ. ಎಚ್7 ರೀಮರ್ ಇಳಿಸಿ. ಎಚ್7 ಅಂದರೆ ತೂತು 6.000ದಿಂದ 6.012ರ ಒಳಗೆ. ಓಎಚ್‌ಎನ್‌ಎಸ್‌ಗೆ ಡ್ರಿಲ್ ವೇಗ ನಿಮಿಷಕ್ಕೆ 900 ಸುತ್ತಿನ ಆಸುಪಾಸು, ಟೈಟಾನಿಯಂಗೆ 500. ರೀಮರ್‌ಗೆ ಅದರ ಅರ್ಧಕ್ಕಿಂತ ಕಡಿಮೆ. ಎಣ್ಣೆ ಹನಿಸುತ್ತಿರಿ. ರೀಮರ್ ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತಾ ತೆಗೆಯಬೇಕು. ಹಿಂದಕ್ಕೆ ತಿರುಗಿಸಿದರೆ ಅದರ ಅಂಚು ಹಾಳು, ತೂತಿನಲ್ಲೂ ಗೀರು.

ಸರಿಯಾಗಿದೆಯಾ ಅಂತ ಗೊತ್ತಾಗುವುದು ಹೀಗೆ: ಸಿಲ್ವರ್ ಸ್ಟೀಲ್ ಸರಳಿಗೆ ಒಂದು ಹನಿ ಎಣ್ಣೆ ಹಚ್ಚಿ ತೂತಿಗೆ ಇಡಿ. ಬೆರಳಿನಿಂದ ಒತ್ತಿದರೆ ನಿಧಾನಕ್ಕೆ ಇಳಿಯಬೇಕು. ತಲೆಕೆಳಗು ಮಾಡಿದರೆ ತಾನಾಗಿ ಬೀಳಬಾರದು. ಥಟ್ಟನೆ ಬಿದ್ದರೆ ತೂತು ದೊಡ್ಡದಾಗಿದೆ, ಆ ತುಂಡು ಪಕ್ಕಕ್ಕಿಡಿ.

ಸ್ಟಾಪ್ ಪಿನ್ ತೂತಿಗೂ ಇದೇ ಕ್ರಮ, 4.8 ಬಿಟ್, 5 ಮಿ.ಮೀ. ರೀಮರ್. ಡೋವೆಲ್ ಪಿನ್ ಅಳತೆಗಿಂತ ಕೆಲವು ಮೈಕ್ರಾನ್ ದಪ್ಪವೇ ಇರುತ್ತದೆ, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಬಿಗಿಯಾಗಿ ಕೂರುತ್ತದೆ. ಹಿಡಿಕೆಯ ಹಿಂಭಾಗದ ಎರಡು ಸ್ಪೇಸರ್‌ಗೆ 3 ಮಿ.ಮೀ. ತೂತು, ಅಲಗಿನಲ್ಲಿ ಅದನ್ನು ತೆರೆಯಲು ಹೆಬ್ಬೆರಳಿಡುವ ಗುಬ್ಬಿಗೆ ಎಂ3 ಟ್ಯಾಪ್. ಇವು ಅಷ್ಟು ಸೂಕ್ಷ್ಮದವಲ್ಲ.

ಟೈಟಾನಿಯಂ ಪುಡಿಯ ಬಗ್ಗೆ ಒಂದು ಮಾತು. ಅರದಿಂದ ಬಂದ ಸಣ್ಣ ಪುಡಿ ಬೆಂಕಿ ತಗಲಿದರೆ ಭಯಂಕರ ಬಿಸಿಯಾಗಿ ಉರಿಯುತ್ತದೆ. ನೀರು ಹಾಕಿದರೆ ಇನ್ನೂ ಕೆಡುತ್ತದೆ. ಉಕ್ಕಿನ ಕಿಡಿ ಹಾರುವ ಗ್ರೈಂಡರ್ ಹತ್ತಿರ ಆ ಪುಡಿ ಸೇರದಂತೆ ಆಗಾಗ ಒರೆಸಿ ತೆಗೆಯಿರಿ, ಪಕ್ಕದಲ್ಲಿ ಒಂದು ಡಬ್ಬಿ ಒಣ ಮರಳು ಇರಲಿ.

ಅಲಗಿಗೆ ಆಕಾರ

ಹೊರಗಿನ ಗೆರೆಯ ಹತ್ತಿರಕ್ಕೆ ಗರಗಸದಿಂದ ಕತ್ತರಿಸಿ, ಉಳಿದದ್ದು ಅರ. ಲಾಕ್ ತಾಗುವ ಮುಖದಲ್ಲಿ ಮಾತ್ರ ಅರ್ಧ ಮಿಲಿಮೀಟರ್ ಜಾಸ್ತಿ ಬಿಟ್ಟಿರಿ. ಅದಕ್ಕೆ ಹದ ಹಾಕಿದ ಮೇಲೆ ಕೆಲಸ ಇದೆ.

ಬಾಯಿಯ ಕಡೆ ಎರಡು ಗೆರೆ ಬೇಕು, ನಡುವೆ 0.6 ಮಿ.ಮೀ. ಬಿಟ್ಟು. ಇದಕ್ಕೆ ಒಂದು ಸುಲಭದ ದಾರಿ: ಗಾಜಿನ ಮೇಲೆ ಅಲಗನ್ನು ಮಲಗಿಸಿ, 3.4 ಮಿ.ಮೀ. ಡ್ರಿಲ್ ಬಿಟ್ ಅನ್ನೂ ಪಕ್ಕದಲ್ಲಿ ಮಲಗಿಸಿ. ಬಿಟ್‌ನ ಮೊನೆ ಸರಿಯಾಗಿ 1.7 ಮಿ.ಮೀ. ಎತ್ತರದಲ್ಲಿ ಇರುತ್ತದೆ. ಅದನ್ನು ಬಾಯಿಗೆ ಒತ್ತಿ ಎಳೆಯಿರಿ. ಅಲಗು ಮಗುಚಿ ಇನ್ನೊಮ್ಮೆ ಎಳೆಯಿರಿ. 4 ಮಿ.ಮೀ. ಪಟ್ಟಿಯ ನಟ್ಟನಡುವೆ 0.6 ಅಂತರದ ಎರಡು ಗೆರೆ ತಯಾರು. ಮೊದಲು ಅಂಚಿಗೆ ಮಾರ್ಕರ್ ಬಳಿದಿದ್ದರೆ ಗೆರೆ ಹೊಳೆಯುತ್ತದೆ.

ಬಾಯಿಯಿಂದ 18 ಮಿ.ಮೀ. ಎತ್ತರದವರೆಗೆ ಇಳಿಜಾರು ಕೊಡಿ. ಆ ಗೆರೆ ಮುಟ್ಟಿದ ಮೇಲೆ ನಿಲ್ಲಿಸಿ. ತೆಳುವಾದಷ್ಟೂ ಚೆನ್ನಾಗಿ ಕೊಯ್ಯುತ್ತದೆ ಅಂತ ಆಸೆಯಾಗುತ್ತದೆ. ಆದರೆ ತೆಳು ಬಾಯಿ ಹದದಲ್ಲಿ ಅಲೆಅಲೆಯಾಗುತ್ತದೆ, ಇದು ಗಟ್ಟಿ ಕೆಲಸದ ಚಾಕು ಬೇರೆ. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡರೆ ಪುಡಿ ಹಲ್ಲಿನಲ್ಲಿ ಕಚ್ಚುವುದಿಲ್ಲ, ಆಳದ ಗೀರು ಬೀಳುವುದಿಲ್ಲ. ಫ್ಲ್ಯಾಟ್‌ನಲ್ಲಿ ಇರುವವರು ಮಧ್ಯಾಹ್ನ 1ರಿಂದ 4ರವರೆಗೆ ಅರ ಕೆಳಗಿಡಿ. ಅದು ಪುಣೆಯವರು ಮಲಗುವ ಹೊತ್ತು. ಆ ಹೊತ್ತಲ್ಲಿ ಕಿರಕಿರ ಅಂದರೆ ಸೊಸೈಟಿಯ ಕಾಕಾ ಬಾಗಿಲು ಬಡಿಯುವುದು ಗ್ಯಾರಂಟಿ.

ಹದ

ಬಾಲ್ಕನಿಯಲ್ಲಿ ಕುಲುಮೆ ಹೂಡಬೇಡಿ. ಕೆಂಪಗೆ ಕಾದ ಉಕ್ಕು ಎಣ್ಣೆಗೆ ಇಳಿದಾಗ ಬೆಂಕಿ ಮೇಲೇಳುತ್ತದೆ, ಮೇಲಿನ ಮನೆಯವರ ಬಟ್ಟೆ ಅಲ್ಲೇ ನೇತಾಡುತ್ತಿರುತ್ತದೆ. ಭೋಸರಿಯಲ್ಲಿ ಹಾರ್ಡನಿಂಗ್ ಮಾಡುವವರಿಗೆ ಕೊಡಿ. ಸಣ್ಣ ತುಂಡು ದೊಡ್ಡ ಲಾಟಿನಲ್ಲಿ ಕಳೆದುಹೋಗದಂತೆ ತಂತಿ ಕಟ್ಟಿ, ತಗಡಿನ ಚೀಟಿಯ ಮೇಲೆ ‘ಓಎಚ್‌ಎನ್‌ಎಸ್, 58ರಿಂದ 60 ಎಚ್‌ಆರ್‌ಸಿ’ ಅಂತ ಬರೆದು ಕೊಡಿ (ಎಚ್‌ಆರ್‌ಸಿ ಅಂದರೆ ರಾಕ್‌ವೆಲ್ ಗಡಸುತನದ ಅಳತೆ). ಅವರು ಗಡಸುತನ ಅಳೆಯುವಾಗ ವಜ್ರದ ಮೊನೆ ಒತ್ತುತ್ತಾರೆ, ಸಾಸಿವೆಗಿಂತ ಸಣ್ಣ ಚುಕ್ಕೆ ಉಳಿಯುತ್ತದೆ. ಆ ಚುಕ್ಕೆ ಹಿಡಿಕೆಯೊಳಗೆ ಅಡಗುವ ಬುಡದಲ್ಲಿ ಬೀಳಲಿ, ವಾಷರ್ ತಿರುಗುವ ವರ್ತುಲದಿಂದಲೂ ಲಾಕ್ ಮುಖದಿಂದಲೂ ಆಚೆ. ಮಾರ್ಕರ್‌ನಿಂದ ವೃತ್ತ ಹಾಕಿ ತೋರಿಸಿಬಿಡಿ. ಲಾಕ್ ಗುಂಡಿನ ಗುಳಿಯನ್ನು ಹದಕ್ಕೆ ಮೊದಲೇ ಕೊರೆಯಬೇಕು, ಅದರ ವಿವರ ಮುಂದೆ ಇದೆ, ಓದಿಯೇ ಕಳಿಸಿ.

ಊರಿನಲ್ಲಿ ಅಂಗಳವಿದ್ದು ಸ್ವತಃ ಮಾಡುವವರಿಗೆ: ಓಎಚ್‌ಎನ್‌ಎಸ್ 800 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಬೇಕು. 770ರ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ. ಅದಕ್ಕಿಂತ ಒಂದು ಛಾಯೆ ಮೇಲೆ ಕೆಲವು ನಿಮಿಷ ಹಿಡಿದು, 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆಗೆ ಮೊನೆ ಮೊದಲು ನೇರವಾಗಿ ಇಳಿಸಿ. ಅಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಎಣ್ಣೆ ಕಬ್ಬಿಣದ ಡಬ್ಬಿಯಲ್ಲಿ ಇರಲಿ, ಮುಚ್ಚಳ ಕೈಗೆಟುಕುವಂತಿರಲಿ. ಬೆಂಕಿ ಎದ್ದರೆ ಮುಚ್ಚಳ ಹಾಕಬೇಕೇ ಹೊರತು ನೀರು ಸುರಿಯಬಾರದು. ತಣ್ಣಗಾದ ಅಲಗಿನ ಮೇಲೆ ಅರ ಹಾಕಿದರೆ ಗಾಜಿನ ಮೇಲೆ ಹಾಕಿದಂತೆ ಜಾರಬೇಕು. ಈ ಹಂತದಲ್ಲಿ ಕೈ ಜಾರಿ ನೆಲಕ್ಕೆ ಬಿದ್ದರೆ ಮುರಿಯಲೂಬಹುದು. ತಡ ಮಾಡದೆ ಓವನ್‌ನಲ್ಲಿ 220 ಡಿಗ್ರಿಗೆ ಎರಡು ಗಂಟೆಯಂತೆ ಎರಡು ಸಲ ಇಡಿ. ಬಣ್ಣ ಒಣ ಹುಲ್ಲಿನ ಹಳದಿಗೆ ಬಂದರೆ ಸರಿ, ನೀಲಿಗೆ ಹೋದರೆ ಬಾಯಿ ಮೆತ್ತಗಾಗಿದೆ.

ಹದದ ನಂತರ ಪಿವಟ್ ತೂತಿನಲ್ಲಿ ಕರಿ ಕಟ್ಟಿರುತ್ತದೆ. ಈಗ ರೀಮರ್ ಹಿಡಿಯುವುದಿಲ್ಲ. ಒಂದು ಹಿತ್ತಾಳೆ ಸರಳಿಗೆ ಸಣ್ಣ ತರಿಯ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಲ್ಲೇ ತಿರುಗಿಸಿ. ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲಿ ಈ ಪೇಸ್ಟ್ ಸಿಗುತ್ತದೆ. ಮತ್ತೆ ಅದೇ ಎಣ್ಣೆ ಹಚ್ಚಿದ ಸರಳಿನ ಪರೀಕ್ಷೆ. ಪೇಸ್ಟ್ ಪೂರ್ತಿ ತೊಳೆಯದಿದ್ದರೆ ಮುಂದೆ ವಾಷರ್‌ಗಳನ್ನು ತಿಂದುಹಾಕುತ್ತದೆ.

ಲಾಕ್

ಲೈನರ್‌ನ ಸೀಳು ಸುಮಾರು 52 ಮಿ.ಮೀ. ಉದ್ದ, ಪಟ್ಟಿಯ ಅಗಲ 9–10 ಮಿ.ಮೀ. ಸೀಳು ಮುಗಿಯುವ ಕಡೆ ಮೊದಲೇ 3 ಮಿ.ಮೀ. ತೂತು ಹಾಕಿದರೆ ಅಲ್ಲಿಂದ ಬಿರುಕು ಹೊರಡುವುದಿಲ್ಲ. ಅಕ್ಕಸಾಲಿಗರ ಸಣ್ಣ ಗರಗಸದಲ್ಲಿ ಇದನ್ನು ಸೀಳಬಹುದು, ತಾಳ್ಮೆ ಬೇಕು. ನಾನು ಹೇಳುವುದಾದರೆ ಇದೊಂದನ್ನು ವಿದ್ಯುತ್ ಹರಿಯುವ ತೆಳು ತಂತಿಯಿಂದ ಲೋಹ ಕೊಯ್ಯುವ ವೈರ್ ಕಟ್‌ಗೆ ಕೊಡಿ. ಗೆರೆ ತೆಳ್ಳಗೆ, ನೆಟ್ಟಗೆ ಬರುತ್ತದೆ.

ಪಟ್ಟಿಯನ್ನು ಬಗ್ಗಿಸುವ ಮೊದಲು ಗುಂಡಿನ ಕೆಲಸ. ಮುಚ್ಚಿದ ಚಾಕು ತಾನಾಗಿ ತೆರೆಯದಂತೆ ಹಿಡಿಯುವುದು ಈ ಸಣ್ಣ ಗುಂಡು. ಲಾಕ್ ಪಟ್ಟಿಯ ತುದಿಯ ಹತ್ತಿರ 1.5 ಮಿ.ಮೀ. ತೂತು ಹಾಕಿ. ಈಗ ಸ್ಟಾಪ್ ಪಿನ್ ತೆಗೆದು ಆ ಜಾಗಕ್ಕೆ 4.8 ಮಿ.ಮೀ. ಡ್ರಿಲ್ ಬಿಟ್‌ನ ದಂಡ ಹಾಕಿ. ಅಲಗನ್ನು ಮುಚ್ಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪಿನ್ ಸಣ್ಣದಾದ್ದರಿಂದ ಅಲಗು ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಮುಚ್ಚುತ್ತದೆ. ಹಾಗೇ ಕ್ಲ್ಯಾಂಪ್ ಹಾಕಿ, ಪಟ್ಟಿಯ ತೂತಿನ ಮೂಲಕವೇ ಅಲಗಿನ ಬುಡಕ್ಕೆ ಗುರುತು ಕೊರೆದು ಗುಳಿ ಮಾಡಿ. ಆಮೇಲೆ ಸರಿಯಾದ 5 ಮಿ.ಮೀ. ಪಿನ್ ಹಾಕಿದಾಗ ಗುಂಡು ಗುಳಿಯ ನಡುವಿಗೆ ಬರುವುದಿಲ್ಲ, ಅಂಚಿನಲ್ಲಿ ಕೂತು ಅಲಗನ್ನು ಒಳಗೆ ಎಳೆಯುತ್ತಲೇ ಇರುತ್ತದೆ. ಅಲಗು ‘ಟಕ್’ ಅಂತ ಮುಚ್ಚುವುದು ಇದರಿಂದ. ಹದದ ನಂತರ ಗುಂಡನ್ನು ವೈಸ್‌ನಲ್ಲಿ ಒತ್ತಿ ಪಟ್ಟಿಗೆ ಕೂರಿಸಿ, ಅರ್ಧ ಮಿಲಿಮೀಟರ್‌ನಷ್ಟು ಹೊರಗೆ ಉಳಿಯಲಿ.

ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಬಗ್ಗಿಸಿ. ಅಲಗು ಇಲ್ಲದಾಗ ಅದರ ತುದಿ ಎದುರಿನ ಲೈನರ್ ಮುಟ್ಟುವಷ್ಟು ಬಂದರೆ ಸಾಕು.

ಇನ್ನು ಲಾಕ್ ಮುಖ. ಅಲಗಿನ ಬುಡದ ಈ ಮುಖ ನೇರವಾಗಿ ಇರಬಾರದು, 8 ಡಿಗ್ರಿ ಓರೆ ಬೇಕು. 50 ಮಿ.ಮೀ. ಉದ್ದಕ್ಕೆ 7 ಮಿ.ಮೀ. ಏರುವ ಮರದ ತುಂಡು ಕೆತ್ತಿಕೊಂಡರೆ ಅದೇ 8 ಡಿಗ್ರಿ. ಅದರ ಮೇಲೆ ಅಲಗನ್ನು ಇಟ್ಟು ಡೈಮಂಡ್ ಅರದಿಂದ ಉಜ್ಜಿ. ಓರೆ ಕಮ್ಮಿಯಾದರೆ ಲಾಕ್ ಕಚ್ಚಿಕೊಂಡು ಬಿಡುವುದಿಲ್ಲ. ಜಾಸ್ತಿಯಾದರೆ ಒತ್ತಡ ಬಿದ್ದಾಗ ಜಾರುತ್ತದೆ, ಜಾರಿದರೆ ಅಲಗು ನಿಮ್ಮ ಬೆರಳಿನ ಮೇಲೆಯೇ ಮುಚ್ಚುವುದು.

ಮುಖಕ್ಕೆ ಮಾರ್ಕರ್ ಮಸಿ ಬಳಿಯಿರಿ. ಜೋಡಿಸಿ, ತೆರೆದು, ಲಾಕ್ ಕೂರಿಸಿ, ಮತ್ತೆ ಬಿಚ್ಚಿ. ಮಸಿ ಎಲ್ಲಿ ಅಳಿಸಿದೆಯೋ ಅಲ್ಲೇ ತಾಗುತ್ತಿದೆ. ಮೇಲ್ಗಡೆ, ಪಿವಟ್‌ಗೆ ಹತ್ತಿರ ಅಳಿಸಿದ್ದರೆ ಅಲ್ಲಿ ಎರಡು ಸಲ ಅರ ಎಳೆಯಿರಿ. ಕೆಳಗಡೆ ಬಾಯಿಯ ಕಡೆಗೆ ತಾಗುವವರೆಗೆ ಇದನ್ನೇ ಮಾಡುತ್ತಿರಿ. ಬೇಜಾರಿನ ಕೆಲಸ, ಆದರೆ ಅಂಗಡಿ ಚಾಕುವಿಗೂ ನಿಮ್ಮದಕ್ಕೂ ವ್ಯತ್ಯಾಸ ಹುಟ್ಟುವುದು ಇಲ್ಲೇ. ಕೊನೆಗೆ ಪಟ್ಟಿ ಅಲಗಿನ ದಪ್ಪದ ಕಾಲುಭಾಗ ದಾಟಿ ನಿಲ್ಲಬೇಕು. ಬಳಸುತ್ತಾ ಬಳಸುತ್ತಾ ಅದು ತಾನೇ ಇನ್ನಷ್ಟು ಒಳಗೆ ಸರಿಯುತ್ತದೆ, ಅದಕ್ಕೆ ಜಾಗ ಬೇಕಲ್ವಾ?

ಜೋಡಣೆ

ಸ್ಪೇಸರ್‌ನ ಎತ್ತರ ಅಲಗು ಮತ್ತು ಎರಡು ವಾಷರ್ ಸೇರಿದಷ್ಟೇ ಇರಬೇಕು, ಅಂದರೆ 5.0 ಮಿ.ಮೀ., ಮೇಲೆ 0.03 ಇದ್ದರೆ ಅಡ್ಡಿಯಿಲ್ಲ. ಹದ ಹಾಕಿ ಪಾಲಿಶ್ ಮಾಡಿದ ಮೇಲೆ ಅಲಗು 3.9 ಆಗಿರಬಹುದು. ಆಗ ಅಳೆದು ಸ್ಪೇಸರ್ ಮಾಡಿಸಿ, ಮೊದಲೇ ಅಲ್ಲ.

ಪಿವಟ್ ಸರಳು ಲೈನರ್‌ನಿಂದ ಲೈನರ್‌ಗೆ ಇರುವ 8.2 ಮಿ.ಮೀ.ಗಿಂತ 0.1 ಗಿಡ್ಡ ಇರಲಿ. ನಡುವೆ 2.5 ಮಿ.ಮೀ. ತೂತು ಹಾಕಿ ಎರಡೂ ಕಡೆಯಿಂದ ಎಂ3 ಟ್ಯಾಪ್ ಮಾಡಿಸಿ. 10 ಮಿ.ಮೀ. ಅಗಲದ ದಪ್ಪ ವಾಷರ್ ಹಾಕಿ ಸ್ಕ್ರೂ ಬಿಗಿದರೆ ಒತ್ತಡ ನೇರ ಲೈನರ್ ಮೇಲೆ ಬೀಳುತ್ತದೆ. ಹೊರಗಿನ ಪಟ್ಟಿಯಲ್ಲಿ ಆ ವಾಷರ್ ಕೂರುವಷ್ಟು ತೂತು ಬಿಡಿ. ಮರದ ಮೇಲೆ ಬಿಗಿದ ಪಿವಟ್ ಮಳೆಗಾಲದಲ್ಲಿ ಬಿಗಿ, ಬೇಸಿಗೆಯಲ್ಲಿ ಸಡಿಲ.

ಹಿಡಿಕೆಗೆ ನನ್ನ ಆಯ್ಕೆ ಬಟ್ಟೆಯ ಪದರ ಇರುವ ಹೈಲಮ್ ಶೀಟ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ನೀರಿಗೆ ಉಬ್ಬುವುದಿಲ್ಲ. ಹಳೆಯ ಕೌದಿಯ ಹತ್ತಿ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಪದರ ಪದರವಾಗಿ ಒತ್ತಿ ನೀವೇ ಮಾಡಿಕೊಂಡರೆ ಉಜ್ಜಿದಾಗ ಬಣ್ಣದ ಗೆರೆಗಳು ಮೂಡಿ ಚೆಂದ ಕಾಣುತ್ತದೆ. ಎರಡರ ಪುಡಿಯೂ ಶ್ವಾಸಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಪಿವಟ್‌ಗೆ ಒಂದು ಹನಿ ಮೆಷಿನ್ ಎಣ್ಣೆ, ಸ್ಕ್ರೂಗೆ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ, ಪುಣೆಯ ಚಳಿಗಾಲದ ಬೆಳಿಗ್ಗೆ ಚಾಕು ತೆರೆಯುವುದೇ ಇಲ್ಲ. ಓಎಚ್‌ಎನ್‌ಎಸ್ ತುಕ್ಕು ಹಿಡಿಯುವ ಉಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸಿದಾಗಲೆಲ್ಲ ಒರೆಸಿ ಎಣ್ಣೆ ಸವರಿ. ಮುಂಬೈ, ಗೋವಾ ಕಡೆ ವರ್ಷವಿಡೀ ಇದೇ ಪಾಡು. ಹಣ್ಣು, ತರಕಾರಿಯನ್ನೂ ಹೆಚ್ಚುವುದಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸವರಿ.

ಬಾಯಿಯನ್ನು ಕೊನೆಯಲ್ಲಿ ಮಸೆಯಿರಿ, ಜೋಡಣೆಯ ಪರೀಕ್ಷೆ ಎಲ್ಲ ಮುಗಿದ ಮೇಲೆ. ಮೊಂಡು ಅಲಗಿನ ಜೊತೆ ಗುದ್ದಾಡುವುದು ಬೆರಳಿಗೆ ಒಳ್ಳೆಯದು. ಪ್ರತಿ ಬದಿಗೆ 20 ಡಿಗ್ರಿ, ಮೊದಲು 400 ತರಿಯ ಕಲ್ಲು, ಆಮೇಲೆ 1,000.

ನಂಬುವ ಮೊದಲು

ಅಲಗು ತೆರೆದು ತುದಿಯನ್ನು ಪಕ್ಕಕ್ಕೆ ಒತ್ತಿ. ಅಲ್ಲಾಡಿದರೆ ಪಿವಟ್ ಸ್ಕ್ರೂ ಅಥವಾ ಸ್ಪೇಸರ್ ನೋಡಿ. ಮೇಲೆ ಕೆಳಗೆ ಆಡಿದರೆ ಲಾಕ್ ಮುಖಕ್ಕೆ ವಾಪಸ್ ಹೋಗಿ. ಆಮೇಲೆ ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ಆಚೆ ಇಟ್ಟುಕೊಂಡು, ಬಟ್ಟೆ ಸುತ್ತಿದ ಹಲಗೆಗೆ ಅಲಗಿನ ಬೆನ್ನನ್ನು ಒತ್ತಿ. ಮೊದಲು ಮೆಲ್ಲಗೆ, ಆಮೇಲೆ ಮೈಭಾರ ಹಾಕಿ. ಲಾಕ್ ಒಂದಿಷ್ಟು ಸರಿದರೂ ಆ ಚಾಕು ಇನ್ನೂ ಮುಗಿದಿಲ್ಲ. ಎಷ್ಟೇ ಗಟ್ಟಿ ಮಾಡಿದರೂ ಡಬ್ಬಿಯ ಮುಚ್ಚಳ ಮೀಟಲು, ಸುತ್ತಿಗೆಯಿಂದ ಹೊಡೆದು ಸೌದೆ ಸೀಳಲು ಮಡಚುವ ಚಾಕು ಬಳಸಬೇಡಿ. ಅದಕ್ಕೆ ಮಚ್ಚು ಇದೆ.

ಒಂದೆರಡು ತಿಂಗಳು ಬಳಸಿದ ಮೇಲೆ ಬಿಚ್ಚಿ ಲಾಕ್ ಪಟ್ಟಿ ಎಲ್ಲಿಗೆ ಸರಿದಿದೆ ನೋಡಿ. ಅರ್ಧದವರೆಗೆ ಬಂದಿದ್ದರೆ ಚಿಂತೆಯಿಲ್ಲ. ಎದುರಿನ ಲೈನರ್ ಮುಟ್ಟುವಷ್ಟು ಹೋಗಿದ್ದರೆ ಅಲಗನ್ನೋ ಲೈನರನ್ನೋ ಎಸೆಯುವ ಅಗತ್ಯ ಇಲ್ಲ. ಎರಡು ತುದಿ 5 ಮಿ.ಮೀ., ಅಲಗು ತಾಗುವ ನಡುಭಾಗ ಮಾತ್ರ 5.15 ಇರುವ ಸ್ಟಾಪ್ ಪಿನ್ ಅನ್ನು ಸಿಲ್ವರ್ ಸ್ಟೀಲ್‌ನಲ್ಲಿ ತಿರುಗಿಸಿಕೊಂಡು, ಹದ ಹಾಕಿಸಿ ಹಾಕಿ. ಅಲಗು ಲಾಕ್ ಕಡೆಗೆ ಅಷ್ಟು ಹಿಂದೆ ಸರಿಯುತ್ತದೆ, ಪಟ್ಟಿ ಮೊದಲಿನ ಜಾಗದ ಕಡೆಗೆ ಸುಮಾರು ಅರ್ಧ ಮಿಲಿಮೀಟರ್ ವಾಪಸ್ ಬರುತ್ತದೆ. ಮುಚ್ಚಿದಾಗ ತುದಿಯೂ ಸುಮಾರು ಒಂದು ಮಿಲಿಮೀಟರ್ ಮೇಲೆ ಬರುತ್ತದೆ, ಅದು ಹಿಡಿಕೆಯ ಒಳಗೇ ಇದೆಯಾ ಅಂತ ಬೆರಳಿನ ಬದಲು ಒಂದು ಸ್ಕೇಲ್ ಎಳೆದು ನೋಡಿ.